ಬಾಗಿಲೆದುರಿನ ಕಂಬ

ನಾನು ಹುಟ್ಟು ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ನೆಲ ಮುಟ್ಟಿ ‘ಕೃಷ್ಣ ಕೃಷ್ಣ’ ಅನ್ನುವವಳು. ಕೋರ್ಟಿನಲ್ಲಿ ಎದುರು ವಕೀಲರ ಗಂಟಲಿಗೆ ಹೆದರಿಯೇ ನಾನು ಮಧ್ಯಸ್ಥಿಕೆಯ ಕೆಲಸ ಹಿಡಿದದ್ದು ಎಂದು ನನ್ನ ಗಂಡ ಈಗಲೂ ಛೇಡಿಸುತ್ತಾರೆ. ಅದು ಪೂರ್ತಿ ಸುಳ್ಳೇನೂ ಅಲ್ಲ. ಮಧ್ಯಸ್ಥಿಕೆಯಲ್ಲಿ ಕೂಗಾಟವಿಲ್ಲ, ತೀರ್ಪಿಲ್ಲ. ಒಂದು ಮೇಜು, ಎರಡು ಕಡೆಯವರು, ನಡುವೆ ನಾನು. ಮಾತಾಡಿ ಒಪ್ಪಂದಕ್ಕೆ ಬರಬೇಕಾದವರು ಅವರೇ. ಹೆದರುವಂಥದ್ದು ಅದರಲ್ಲೇನೂ ಇಲ್ಲ ಅಂದುಕೊಂಡಿದ್ದೆ.

ಕೋರ್ಟುಗಳು ಕೆಲವು ದಾವೆಗಳನ್ನು ಮಧ್ಯಸ್ಥಿಕೆಗೆ ಕಳಿಸಲು ಆಗತಾನೇ ಶುರು ಮಾಡಿದ್ದ ಕಾಲ. ಪದ್ಮನಾಭನಗರದ ಒಂದು ಅಪಾರ್ಟ್‌ಮೆಂಟಿನ ಕಡತ ನನ್ನ ಪಾಲಿಗೆ ಬಂತು. ಕೆಳಗೆ ಕಾರು ನಿಲ್ಲಿಸುವ ಜಾಗ, ಮೇಲೆ ಮೂರು ಅಂತಸ್ತು, ಕಟ್ಟಿ ಐದು ವರ್ಷ. ಮನೆ ಕೊಂಡವರ ಸಂಘ ಬಿಲ್ಡರ್ ಮೇಲೆ ದಾವೆ ಹಾಕಿತ್ತು. ಬಚ್ಚಲಿನಿಂದ ಕೆಳಮನೆಗೆ ನೀರು ಸೋರುತ್ತದೆ, ಟೈಲ್ಸ್ ಎದ್ದಿವೆ, ಗೋಡೆ ಬಿರುಕು ಬಿಟ್ಟಿದೆ ಎಂಬ ಮಾಮೂಲಿ ದೂರುಗಳು. ಸಂಘದ ಅಧ್ಯಕ್ಷರು ಆ ನಿವೇಶನದ ಮೂಲ ಮಾಲೀಕರು, ಎಪ್ಪತ್ತು ದಾಟಿದವರು. ಜಾಗ ಕೊಟ್ಟದ್ದಕ್ಕೆ ಪ್ರತಿಯಾಗಿ ಅವರಿಗೆ ಕೆಲವು ಮನೆಗಳು ಸಿಕ್ಕಿದ್ದವು. ಕಾರು ನಿಲ್ಲಿಸುವ ಜಾಗದ ಹಿಂಭಾಗದಲ್ಲಿದ್ದ ನೆಲಮಟ್ಟದ ಮನೆಯಲ್ಲಿ ಮಗ, ಸೊಸೆ, ಮೊಮ್ಮಗನೊಂದಿಗೆ ಅವರಿದ್ದರು. ಅವರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಸಂಘದ ಕಾರ್ಯದರ್ಶಿ ಧಾರವಾಡ ಕಡೆಯವರು, ವಿಮೆ ಕಚೇರಿಯ ನೌಕರಿ, ಹಣೆಯ ಮೇಲೆ ವಿಭೂತಿ. ಮೊದಲ ಮಹಡಿಯಲ್ಲಿ ಅವರ ಮನೆ.

ಮೊದಲ ಸುತ್ತಿನ ಮಾತುಕತೆಯಾದ ಮೇಲೆ ಎಲ್ಲರ ಒಪ್ಪಿಗೆ ಪಡೆದು ಕಟ್ಟಡ ನೋಡಲು ಹೋದೆ. ಮಧ್ಯಸ್ಥಿಕೆ ಮಾಡುವವರು ಹೀಗೆ ಹೋಗಲೇಬೇಕು ಅಂತೇನಿಲ್ಲ. ಆದರೆ ನನ್ನಪ್ಪ ಹೊಸಕೆರೆಹಳ್ಳಿ ಸುತ್ತಮುತ್ತ ಮನೆ ಕಟ್ಟುತ್ತಿದ್ದ ಮೇಸ್ತ್ರಿ. ಗೋಡೆಯನ್ನು ಮುಟ್ಟಿ ನೋಡದೆ ಅದರ ಬಗ್ಗೆ ಮಾತಾಡಬಾರದು ಎಂಬುದು ಅವರು ಕಲಿಸಿದ ಪಾಠ. ಬಿಲ್ಡರ್, ಯಜಮಾನರು, ಕಾರ್ಯದರ್ಶಿ ಮೂವರನ್ನೂ ಜೊತೆಗಿಟ್ಟುಕೊಂಡು ಮನೆಮನೆ ಹತ್ತಿಳಿದೆ. ಕಂಡದ್ದನ್ನೆಲ್ಲ ಸಾಲಾಗಿ ಬರೆದು, ಎರಡೂ ಕಡೆಯವರಿಗೆ ಒಂದೊಂದು ಪ್ರತಿ ಕೊಟ್ಟೆ.

ಬಿರುಕು ಇದ್ದದ್ದು ಕಾರ್ಯದರ್ಶಿಗಳ ಮನೆಯ ಹಾಲ್‌ನ ಗೋಡೆಯಲ್ಲಿ. ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾಗಿ ಇಳಿದಿತ್ತು. ಪೋಸ್ಟ್‌ಕಾರ್ಡ್ ತೂರಿಸಿದರೆ ತೂರುವಷ್ಟು ಅಗಲ. ಅಪ್ಪ ಮಾಡುತ್ತಿದ್ದ ಹಾಗೆ ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿಸಿದೆ. ಬಿರುಕು ಹಳೆಯದಾಗಿ ನಿಂತುಹೋಗಿದ್ದರೆ ಗಾಜು ಹಾಗೇ ಇರುತ್ತದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಒಡೆಯುತ್ತದೆ.

“ಏನರ ಆಗ್ತದೇನ್ರಿ ಮೇಡಂ?” ಎಂದರು ಕಾರ್ಯದರ್ಶಿ.

“ಏನೂ ಆಗಲ್ಲ ಸಾರ್, ಸುಮ್ನೆ ಒಂದು ಅಭ್ಯಾಸ” ಎಂದೆ.

ಇಳಿದು ಬರುವಾಗ ಯಜಮಾನರ ಮನೆಯ ಮುಂದೆ ಅವರ ಸೊಸೆ ಹಾಕಿದ್ದ ರಂಗೋಲಿ ಕಂಡಿತು. ಬಾಗಿಲಿನಿಂದ ನಾಲ್ಕು ಹೆಜ್ಜೆ ಮುಂದೆ, ಕಾರು ನಿಲ್ಲಿಸುವ ಜಾಗದ ನಡುವಿಗೆ ಹಾಕಿದ್ದು ವಿಚಿತ್ರವೆನಿಸಿ ಬಗ್ಗಿ ನೋಡಿದೆ. ಅಲ್ಲಿ ನೆಲಕ್ಕೆ ಬೇರೆ ಬಣ್ಣದ ಸಿಮೆಂಟಿನ ಚೌಕ ತೇಪೆ ಹಾಕಿದ್ದರು, ಅದರೊಳಗೆ ಸುತ್ತಲೂ ಎಂಟು ತುಕ್ಕಿನ ಚುಕ್ಕೆಗಳಿದ್ದವು. ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡೆ. ಅರ್ಥವಾಗಿ ಬರೆದದ್ದಲ್ಲ, ಎಲ್ಲವನ್ನೂ ಬರೆದುಕೊಳ್ಳುವುದು ನನ್ನ ಚಾಳಿ.

ಮುಂದಿನ ಶನಿವಾರ ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಕೂರಿಸಿ ಮಾತಾಡುವ ಸರದಿ. ನಮ್ಮ ಕೆಲಸದ ಜೀವಾಳವೇ ಇದು. ಒಬ್ಬರು ಆ ಕೋಣೆಯಲ್ಲಿ ಹೇಳಿದ್ದನ್ನು ಅವರ ಅನುಮತಿಯಿಲ್ಲದೆ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ಕೋರ್ಟಿಗೂ ಹೇಳುವ ಹಾಗಿಲ್ಲ. ಹಾಗೆಂದು ನಾನು ಸಹಿ ಹಾಕಿ ಕೊಟ್ಟಿದ್ದೆ. ಬಿಲ್ಡರ್ ಬಾಗಿಲು ಮುಚ್ಚಿಕೊಂಡು ಬಂದು ಕೂತರು. ನಲವತ್ತೈದರ ಆಸುಪಾಸು, ಮಾತಿಗೊಮ್ಮೆ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುವ ಮನುಷ್ಯ.

“ಮೇಡಂ, ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ ಅಲ್ವಾ?”

“ಇಲ್ಲೇ ಇರುತ್ತೆ” ಎಂದೆ.

“ಸೋರೋದು, ಟೈಲ್ಸು, ಎಲ್ಲಾ ನಾನೇ ಮಾಡಿಸ್ಕೊಡ್ತೀನಿ. ಆದ್ರೆ ಆ ಕ್ರ್ಯಾಕ್ ಮಾತ್ರ ಕೆದಕೋದು ಬೇಡ. ಇಂಜಿನಿಯರ್ ಕರ್ಸಿ ತೋರಿಸ್ಬೇಕು ಅಂತ ಆ ಸೆಕ್ರೆಟರಿ ಹಟ ಹಿಡಿದಿದಾರೆ. ಅದೊಂದನ್ನ ನೀವು ತಪ್ಪಿಸ್ಬೇಕು.”

“ಯಾಕೆ?”

ಅವರು ಕತ್ತು ಒರೆಸಿಕೊಂಡರು. “ಅಲ್ಲೊಂದು ಪಿಲ್ಲರ್ ಬರ್ಬೇಕಿತ್ತು ಮೇಡಂ.”

ಪಾಯದಿಂದ ಎಂಟು ಕಂಬಿ ಎದ್ದು ನಿಂತಿದ್ದವಂತೆ. ಆಗ ಯಜಮಾನರು ವಾಸ್ತು ನೋಡುವವರೊಬ್ಬರನ್ನು ಕರೆದುಕೊಂಡು ಬಂದರಂತೆ. ತಲೆಬಾಗಿಲಿಗೆ ಕಂಬ ನೇರ ಎದುರಾಗುತ್ತದೆ, ಇದು ವೇಧ ದೋಷ, ಇರಕೂಡದು ಎಂದರಂತೆ ಅವರು. ಜಾಗ ಕೊಟ್ಟವರ ಮಾತು ಮೀರಲಾಗದೆ ಬಿಲ್ಡರ್ ಆ ಕಂಬಿಗಳನ್ನು ನೆಲಮಟ್ಟಕ್ಕೆ ಕೊಯ್ಸಿ ತೇಪೆ ಹಾಕಿಸಿದರು. ಬದಲಿಗೆ ಮೇಲಿನ ತೊಲೆಯನ್ನು ಒಂದಿಷ್ಟು ದಪ್ಪ ಮಾಡಿ, ಎರಡು ಕಂಬಿ ಹೆಚ್ಚಿಗೆ ಹಾಕಿದರು. ನಕ್ಷೆ ಮಾಡಿದ ಇಂಜಿನಿಯರಿಗೆ ಹೇಳಲಿಲ್ಲ. ಮೇಲಿನ ಅಂತಸ್ತುಗಳ ಕಂಬವೇನೋ ನಕ್ಷೆಯಲ್ಲಿದ್ದಂತೆಯೇ ಎದ್ದಿತು, ಕೆಳಗೆ ಕಾಲಿಲ್ಲದೆ, ಆ ತೊಲೆಯ ನಡುಬೆನ್ನಿನ ಮೇಲೆ. ಎಲ್ಲಕ್ಕಿಂತ ಮೇಲೆ, ಅದೇ ನೇರಕ್ಕೆ, ಇಡೀ ಕಟ್ಟಡದ ನೀರಿನ ಟ್ಯಾಂಕು ಕೂತಿತ್ತು.

“ಇದನ್ನ ಅವ್ರಿಗೆ ಹೇಳೋಕೆ ನಂಗೆ ಅನುಮತಿ ಕೊಡಿ” ಎಂದು ಕೇಳಿದೆ. ಕೈ ಮುಗಿಯುವುದೊಂದು ಬಾಕಿ.

“ಹೇಳಿದ್ರೆ ನಾನು ಮುಗ್ದೋದೆ. ಜೆಪಿ ನಗರದಲ್ಲಿ ಇನ್ನೊಂದು ಬಿಲ್ಡಿಂಗ್ ಅರ್ಧಕ್ಕೆ ನಿಂತಿದೆ. ಪೊಲೀಸು, ಕೇಸು, ಎಲ್ಲಾ ಆಗತ್ತೆ. ಐದು ವರ್ಷ ನಿಂತಿದೆ ಅಲ್ವಾ ಮೇಡಂ, ಇನ್ನೂ ನಿಲ್ಲತ್ತೆ ಬಿಡಿ.”

“ತೊಲೆ ಕೆಳಗೆ ಜಾಕಿ ಕೊಟ್ಟಾದ್ರೂ ನಿಲ್ಲಿಸಿ, ನಾಳೇನೇ.”

“ಜಾಕಿ ಕೊಟ್ರೆ ಯಾಕೆ ಅಂತ ಎಲ್ಲಾ ಕೇಳಲ್ವಾ? ಸೆಟ್ಲ್‌ಮೆಂಟ್ ಆಗ್ಲಿ. ಆಮೇಲೆ ಏನೋ ಒಂದು ನೆಪ ಹೇಳಿ ನಾನೇ ಮಾಡಿಸ್ತೀನಿ.”

ಬಿಸಿತುಪ್ಪದ ಗಾದೆಯನ್ನು ನಾನೂ ಹತ್ತಾರು ಸಲ ಆಡಿದ್ದೇನೆ. ಅದು ಗಂಟಲಲ್ಲೇ ನಿಂತರೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಭಾನುವಾರ ತಿಲಕ್ ನಗರದ ನಮ್ಮ ಮನೆಯಿಂದ ತರಕಾರಿಗೆಂದು ಹೊರಟವಳು ಸ್ಕೂಟರನ್ನು ಸೀದಾ ಪದ್ಮನಾಭನಗರಕ್ಕೆ ಓಡಿಸಿ, ಆ ಕಟ್ಟಡದ ಎದುರು ಬದಿಯಲ್ಲಿ ನಿಂತು ನೋಡಿದೆ. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿತ್ತು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ಜಲ್ಲಿ ತುಂಬಿದ ಲಾರಿಯೊಂದು ಬೀದಿಯಲ್ಲಿ ಹಾದುಹೋದಾಗ ಕಣ್ಣು ಮುಚ್ಚಿಕೊಂಡೆ. ಬರಿಗೈಯಲ್ಲಿ ಮನೆಗೆ ವಾಪಸಾದೆ.

ಸೋಮವಾರ ಕಾರ್ಯದರ್ಶಿಗಳ ಫೋನು.

“ಮೇಡಂ, ನೀವು ಹಚ್ಚಿದ ಗಾಜು ಒಡದಿತ್ರಿ. ಹುಡುಗ್ರು ಚೆಂಡು ಬಡದಿರಬೇಕು ತಗೋರಿ.”

“ಹೇಗೆ ಒಡೆದಿದೆ? ನಡುವೆ ಸೀಳಿದೆಯಾ? ಅದನ್ನ ಹಾಗೇ ಬಿಡಿ ಸಾರ್, ನಾನು ಬಂದು...”

“ಅಯ್ಯ, ಈಗಿಲ್ಲರೀ ಅದು. ಈ ಐತಾರ ಮಗಳ ಕುಬಸ ಐತಲ್ರೀ, ಏಳು ತಿಂಗಳಾತು ಆಕಿಗೆ. ಬೀಗರು ಬರ್ತಾರ. ಗ್ವಾಡಿ ಹಂಗಿದ್ರ ಚೊಲೊ ಕಾಣಂಗಿಲ್ಲಂತ ಗಾಜು ತೆಗದು, ಪುಟ್ಟಿ ತುಂಬಿಸಿ ಬಣ್ಣ ಹೊಡಿಸಿಬಿಟ್ಟೀನ್ರಿ. ಈಗ ಏನೂ ಕಾಣಂಗಿಲ್ಲ. ಅರವತ್ತು ಮಂದಿಗೆ ಹೇಳೀವಿ, ಹಾಲ್‌ನ್ಯಾಗ ಕಾರ್ಯಕ್ರಮ. ನೀವೂ ಬರಬೇಕ್ರಿ ಮತ್ತ. ಹಿಂಗ ಫೋನಿನ್ಯಾಗ ಹೇಳಿದ್ನಂತ ತಪ್ಪು ತಿಳ್ಕೋಬ್ಯಾಡ್ರಿ.”

ಫೋನಿಟ್ಟು ಅಲ್ಲೇ ಕೂತುಬಿಟ್ಟೆ. ಗೋಡೆ ಸರಿಯುತ್ತಿತ್ತು. ಅದನ್ನು ತೋರಿಸಲು ಇದ್ದ ಒಂದೇ ಗುರುತನ್ನು ಬೀಗರ ಮುಂದೆ ಮರ್ಯಾದೆ ಹೋಗುತ್ತದೆಂದು ಅವರೇ ಅಳಿಸಿದ್ದರು. ಭಾನುವಾರ ಅರವತ್ತು ಜನ ಆ ಕಾಲಿಲ್ಲದ ಕಂಬದ ಸುತ್ತ ಕೂತು ಊಟ ಮಾಡುವವರಿದ್ದರು, ಏಳು ತಿಂಗಳ ಬಸುರಿ ನಡುವೆ.

ಮಂಗಳವಾರ ನಮಗೆ ತರಬೇತಿ ಕೊಟ್ಟಿದ್ದ ಹಿರಿಯರ ಬಳಿ ಹೋದೆ. ಯಾವ ಪ್ರಕರಣವೆಂದು ಹೇಳದೆ ಸುತ್ತಿಬಳಸಿ ಕೇಳಿದೆ. “ಹಿಂದೆ ಸರೀಬಹುದು ಕಣಮ್ಮ, ಕಾರಣ ಹೇಳೋ ಹಾಗಿಲ್ಲ” ಎಂದರು. “ಒಂದ್ಸಲ ನಾವು ಬಾಯಿ ಬಿಟ್ರೆ ನಾಳೆಯಿಂದ ಆ ಕೋಣೆಗೆ ಬಂದು ಯಾರೂ ನಿಜ ಹೇಳಲ್ಲ.”

“ಜೀವದ ವಿಷಯ ಆದ್ರೆ, ಸಾರ್?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅದು ನಂಗೂ ಗೊತ್ತಿಲ್ಲ. ಆ ಜಾಗದಲ್ಲಿ ನಾನಿಲ್ಲ, ಅದೊಂದು ನನ್ನ ಪುಣ್ಯ.”

ಹಿಂದೆ ಸರಿದರೆ ಕಡತ ಕೋರ್ಟಿಗೆ ವಾಪಸು ಹೋಗುತ್ತದೆ, ಮುಂದಿನ ತಾರೀಕು ಬೀಳಲು ತಿಂಗಳಾಗುತ್ತದೆ. ಭಾನುವಾರಕ್ಕೆ ಉಳಿದಿದ್ದದ್ದು ಐದು ದಿನ.

ಬುಧವಾರ ಯಜಮಾನರನ್ನು ಪ್ರತ್ಯೇಕವಾಗಿ ಕರೆಸಿದೆ. ಬಿಲ್ಡರ್ ಹೇಳಿದ್ದನ್ನು ಎತ್ತುವಂತಿರಲಿಲ್ಲ. ನನಗೆ ಹೇಳಬೇಕಾದ್ದೇನಾದರೂ ಇದೆಯೇ ಎಂದಷ್ಟೇ ಕೇಳಿದೆ. ಅವರು ಊರುಗೋಲನ್ನು ತಿರುಗಿಸಿ ಗೋಡೆಗೆ ಒರಗಿಸಿಟ್ಟರು.

“ನನ್ನ ಸೊಸೇಗೆ ಎರಡು ಸಲ ಹೊಟ್ಟೆ ನಿಲ್ಲಲಿಲ್ಲಮ್ಮ” ಎಂದರು. “ಬಾಗಿಲಿಗೆ ಕಂಬ ಎದುರಾದ್ರೆ ವಂಶ ನಿಲ್ಲಲ್ಲ ಅಂದ್ರು. ತೆಗೆಸಿದೆ. ಅದೇ ವರ್ಷ ಮೊಮ್ಮಗ ಹುಟ್ಟಿದ. ಬಿಲ್ಡರ್ ಇಂಜಿನಿಯರನ್ನ ಕೇಳೇ ಮಾಡಿದೀನಿ ಅಂದಿದ್ದ. ನಂಬಿದೆ. ಆದ್ರೆ ಮೇಲುಗಡೆ ಗಾಜು ಒಡೀತು ಅಂತ ಕೇಳಿದಾಗಿನಿಂದ ನಂಗೆ ನಿದ್ದೆ ಇಲ್ಲ.”

“ಹಾಗಾದ್ರೆ ನೀವೇ ಹೇಳ್ಬಿಡಿ ಯಜಮಾನರೇ. ಕಾರ್ಯದರ್ಶಿಗಳಿಗೆ ಹೇಳ್ಬಿಡಿ.”

“ದಾವೆ ಹಾಕ್ಸಿದೋನೇ ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ? ನೀವೂ ಹೇಳ್ಬಾರ್ದು ತಾಯಿ. ಹಾಗಂತ ನೀವೇ ಮಾತು ಕೊಟ್ಟಿದೀರಿ.”

ಅಲ್ಲಿಗೆ ಎರಡೂ ಕಡೆಯವರು ಒಂದೇ ಗುಟ್ಟನ್ನು ತಂದು ನನ್ನ ಮಡಿಲಿಗೆ ಹಾಕಿ, ನನ್ನ ಬಾಯಿಗೇ ಬೀಗ ಹಾಕಿದಂತಾಯಿತು. ಗುಟ್ಟು ಗೊತ್ತಿಲ್ಲದವರು ಮೇಲೆ ಮಲಗುವವರು ಮಾತ್ರ.

ಗುರುವಾರ ಕಡತವನ್ನು ಮೊದಲಿನಿಂದ ತಿರುವಿ ಹಾಕಿದೆ. ಕಟ್ಟಡ ನೋಡಿದ ದಿನದ ನನ್ನದೇ ಪಟ್ಟಿ ಕೈಗೆ ಬಂತು. ಅದರ ಕೊನೆಯ ಸಾಲು: ‘ನೆಲಮಟ್ಟದ ಮನೆಯ ಬಾಗಿಲೆದುರು ಚೌಕ ತೇಪೆ, ಎಂಟು ತುಕ್ಕಿನ ಚುಕ್ಕೆ.’ ಕೇಳಿಸಿಕೊಂಡದ್ದನ್ನು ನಾನು ಹೇಳುವ ಹಾಗಿರಲಿಲ್ಲ. ಇದು ಕೇಳಿಸಿಕೊಂಡದ್ದಲ್ಲ. ಯಾರೂ ಏನೂ ಹೇಳುವ ಮೊದಲೇ ಎಲ್ಲರ ಎದುರು ಕಂಡದ್ದು, ಬರೆದದ್ದು, ಎರಡೂ ಕಡೆಯವರಿಗೆ ಕೊಟ್ಟದ್ದು. ಶನಿವಾರವೇ ಹೊಳೆಯಬೇಕಿತ್ತು. ಭಯ ತಲೆಗೆ ಮಂಕುಬೂದಿ ಎರಚಿತ್ತು. ಮೂವರಿಗೂ ಫೋನು ಮಾಡಿ, ನಾಳೆಯ ಮಾತುಕತೆ ಮಧ್ಯಸ್ಥಿಕೆ ಕೇಂದ್ರದಲ್ಲಲ್ಲ, ಕಟ್ಟಡದಲ್ಲಿ ಎಂದೆ.

ಶುಕ್ರವಾರ ಹನ್ನೊಂದಕ್ಕೆ ಹೋಗಿ ಸಂಘದ ನಾಲ್ಕು ಪ್ಲಾಸ್ಟಿಕ್ ಕುರ್ಚಿ ತರಿಸಿ, ಯಜಮಾನರ ಬಾಗಿಲೆದುರು ಆ ಚೌಕದ ಸುತ್ತ ಹಾಕಿಸಿದೆ. ತಲೆಯ ಮೇಲೆ ಆ ತೊಲೆ. ಮೊದಲು ನಾನು ಕೂತೆ. ಫೈಲನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದೆ. ಕಾರ್ಯದರ್ಶಿ ಬಂದು ಪಕ್ಕದಲ್ಲಿ ಆರಾಮಾಗಿ ಕೂತರು. ಬಿಲ್ಡರ್ ಬಂದವರು ಕುರ್ಚಿ ನೋಡಿದರು, ತೊಲೆ ನೋಡಿದರು, ಕುರ್ಚಿಯನ್ನು ಎತ್ತಿಕೊಂಡು ಹೋಗಿ ಗೇಟಿನ ಬಳಿ ಹಾಕಿಕೊಂಡರು. ಯಜಮಾನರು ತಮ್ಮ ಹೊಸ್ತಿಲಲ್ಲೇ ನಿಂತರು.

“ಬರ್ರೆಲ್ಲಾ, ಯಾಕ ಅಲ್ಲಿ ನಿಂತೀರಿ?” ಎಂದರು ಕಾರ್ಯದರ್ಶಿ.

“ಇಲ್ಲೇ ಗಾಳಿ ಚೆನ್ನಾಗಿದೆ ಸಾರ್” ಎಂದರು ಬಿಲ್ಡರ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ. ನಾನು ಪಟ್ಟಿ ತೆಗೆದು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದೆ. “ಇದೊಂದು ಬಾಕಿ ಇದೆ. ಈ ಎಂಟು ಚುಕ್ಕೆ ಏನು ಅಂತ ಯಾರಾದ್ರೂ ಹೇಳ್ತೀರಾ?”

ಅಷ್ಟರಲ್ಲಿ ಮೂಲೆಯಲ್ಲಿ ಮೋಟಾರು ಗುಂಯ್ಯೆಂದು ಶುರುವಾಯಿತು. ಅವತ್ತು ಕಾವೇರಿ ನೀರು ಬರುವ ದಿನ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರತೊಡಗಿತು. ಗೋಡೆಗುಂಟ ಹೋದ ಪೈಪು ಸಣ್ಣಗೆ ಅದುರುತ್ತಿತ್ತು. ನಾನು ಬಿಲ್ಡರ್ ಮುಖ ನೋಡಿದೆ, ಅವರು ಪೈಪನ್ನೇ ನೋಡುತ್ತಿದ್ದರು. ಎದ್ದು ಓಡಿಬಿಡಬೇಕು ಅನ್ನಿಸಿತು. ನಾನೆದ್ದರೆ ಎಲ್ಲವೂ ಮುಗಿಯಿತು ಎಂದು ಕುರ್ಚಿ ಹಿಡಿದು ಕೂತೆ. ಒಂದು ನಿಮಿಷವೋ ಐದು ನಿಮಿಷವೋ ನನಗೆ ಗೊತ್ತಿಲ್ಲ.

ಕಾರ್ಯದರ್ಶಿ ಬಗ್ಗಿ ರಂಗೋಲಿಯನ್ನು ಅಂಗೈಯಿಂದ ಒರೆಸಿದರು. ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಕತ್ತೆತ್ತಿ ತೊಲೆಯನ್ನು ನೋಡಿದರು, ಅದರಾಚೆ ತಮ್ಮ ಮನೆಯ ಹಾಲ್ ಎಲ್ಲಿದೆಯೆಂದು ಲೆಕ್ಕ ಹಾಕುವವರಂತೆ. “ಇಲ್ಲೊಂದು ಕಂಬ ಇತ್ತೇನ್ರಿ?” ಎಂದರು. ಅವರ ದನಿ ಸಣ್ಣಗಾಗಿತ್ತು.

“ಮೋಟಾರ್ ಆಫ್ ಮಾಡ್ಸಿ!” ಹೊಸ್ತಿಲಿನಿಂದ ಯಜಮಾನರು ಕೂಗಿದರು. “ಮೊದ್ಲು ಮೋಟಾರ್ ಆಫ್ ಮಾಡ್ಸ್ರಯ್ಯಾ! ನಾನೇ ತೆಗೆಸಿದ್ದು. ಕಂಬ ನಾನೇ ತೆಗೆಸಿದ್ದು.”

ಆ ಮೇಲಿನದೆಲ್ಲ ಬೇಗ ಬೇಗ ನಡೆಯಿತು. ಬಿಲ್ಡರ್ ತಾವೇ ತಾರಸಿಗೆ ಓಡಿ ಟ್ಯಾಂಕಿನ ನೀರನ್ನು ಬಿಟ್ಟರು. ಮೂರು ಅಂತಸ್ತಿನ ಮಳೆನೀರಿನ ಕೊಳವೆಗಳಲ್ಲಿ ಅದು ಧೋ ಎಂದು ಇಳಿಯುತ್ತಿದ್ದರೆ ಮನೆಮನೆಯಿಂದ ಹೆಂಗಸರು ಹೊರಬಂದು, ನೀರು ಯಾಕೆ ಪೋಲು ಮಾಡ್ತೀರಿ ಎಂದು ಜಗಳಕ್ಕೆ ನಿಂತರು. ಸಂಜೆಯೊಳಗೆ ಆ ಕಂಬದ ನೇರಕ್ಕಿದ್ದ ಮೂರೂ ಮನೆಯವರು ನೆಂಟರ ಮನೆಗಳಿಗೆ ಹೋದರು. ಕಾರ್ಯದರ್ಶಿಗಳ ಮಗಳು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಮೆಟ್ಟಿಲಿಳಿದು ಬರುವುದನ್ನು ಕೆಳಗೆ ನಿಂತು ನೋಡಿದೆ. ತೊಲೆಯ ಕೆಳಗೆ ಕಬ್ಬಿಣದ ಜಾಕಿಗಳನ್ನು ಸಾಲಾಗಿ ಕೊಟ್ಟರು.

ಶನಿವಾರ ಎರಡೂ ಕಡೆಯವರು ಒಪ್ಪಿದ ಇಂಜಿನಿಯರೊಬ್ಬರು ಬಂದು ತೊಲೆಯ ಗಾರೆ ಕೆತ್ತಿಸಿದರು. ಗಾರೆಯಡಿ ತೊಲೆಯಲ್ಲೇ ಕಂಡ ಬಿರುಕಿನೊಳಗೆ ತಮ್ಮ ಪೆನ್ನು ತೂರಿಸಿದರು. ಅದು ಕ್ಯಾಪಿನವರೆಗೂ ಹೋಯಿತು. “ನಾಳೆ ಮೇಲ್ಗಡೆ ಏನೋ ಫಂಕ್ಷನ್ ಇತ್ತಂತೆ?” ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಪೆನ್ನನ್ನು ಒರೆಸಿ ಜೇಬಿಗಿಟ್ಟುಕೊಂಡರು.

ಕುಬಸ ಬನಶಂಕರಿಯ ಒಂದು ಸಣ್ಣ ಛತ್ರದಲ್ಲಿ ನಡೆಯಿತು. ಹಸಿರು ಸೀರೆ ಉಟ್ಟು ಹೂವಿನ ದಂಡೆ ಮುಡಿದು ಕೂತಿದ್ದ ಹುಡುಗಿಯನ್ನು ನೋಡಿ ಹಿಂದಿನ ಸಾಲಿನಲ್ಲೇ ಕೂತೆ. ಕಾರ್ಯದರ್ಶಿಗಳ ಹೆಂಡತಿ ನನ್ನ ಕೈ ಹಿಡಿದು, ಬೇಡವೆಂದರೂ ಬಿಡದೆ, ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದರು. “ನೀವು ನಮ್ಮ ಪಾಲಿನ ದೇವರು ಬಂದಂಗ ಬಂದ್ರಿ ಅಕ್ಕಾರ” ಎಂದರು. ಆ ಮಾತು ನನಗೆ ಹೋಳಿಗೆಯನ್ನು ನುಂಗಲು ಬಿಡಲಿಲ್ಲ.

ಒಪ್ಪಂದ ಬರೆಯಲು ಇನ್ನೂ ಐದು ವಾರ ಹಿಡಿಯಿತು. ಹೊಸ ಪಾಯ ತೆಗೆದು ಕಂಬ ಎಬ್ಬಿಸುವುದು, ತೊಲೆಗೆ ಬಲ ಕೊಡುವುದು, ಟ್ಯಾಂಕನ್ನು ಬೇರೆಡೆಗೆ ಸಾಗಿಸುವುದು, ಎಲ್ಲವೂ ಬಿಲ್ಡರ್ ಹೊಣೆ, ಇಂಜಿನಿಯರ್ ಉಸ್ತುವಾರಿಯಲ್ಲಿ. ಯಜಮಾನರ ಬಾಗಿಲನ್ನು ಪಕ್ಕದ ಗೋಡೆಗೆ ಸರಿಸಿಕೊಡುವುದಾಗಿ ಬಿಲ್ಡರ್ ಹೇಳಿದರು. ಯಜಮಾನರು ಒಪ್ಪಲಿಲ್ಲ. “ಬಾಗಿಲು ಅಲ್ಲೇ ಇರ್ಲಿ. ಕಂಬ ಎದುರಿಗೇ ನಿಲ್ಲಲಿ. ದಿನಾ ನೋಡ್ತೀನಿ” ಎಂದರು.

ಸಹಿ ಹಾಕುವ ದಿನ ಎಲ್ಲರೂ ಹೊರಟುಹೋದ ಮೇಲೆ ಕಾರ್ಯದರ್ಶಿ ಮಾತ್ರ ಉಳಿದರು. ನಿಂತುಕೊಂಡೇ ತಮ್ಮ ಪ್ರತಿಯನ್ನು ಮಡಿಚಿ ಚೀಲದಲ್ಲಿಟ್ಟರು. ಮಗಳು ಚೆನ್ನಾಗಿದ್ದಾಳೆ, ದಿನ ತುಂಬುತ್ತಾ ಬಂತು ಎಂದರು. ಆಮೇಲೆ ಕೇಳಿದರು:

“ಮೇಡಂ, ಆ ಶನಿವಾರ ಬಿಲ್ಡರ್ ನಿಮ್ಮ ಹಂತ್ಯಾಕ ಒಬ್ಬರ ಕುಂತಿದ್ದರಲ್ರಿ. ಅವತ್ತ ನಿಮಗ ಗೊತ್ತಾಗಿತ್ತೇನ್ರಿ?”

ನಾನು ಸುಮ್ಮನಿದ್ದೆ. ಹೌದೆಂದರೆ ಆ ಕೋಣೆಯ ಮಾತನ್ನು ಮುರಿದಂತೆ, ಇಲ್ಲವೆಂದರೆ ಸುಳ್ಳು. ಅವರು ನನ್ನ ಮುಖವನ್ನು ನೋಡುತ್ತಿದ್ದರು. ವಿಮೆ ಕಚೇರಿಯ ಮನುಷ್ಯ, ದಿನಗಳನ್ನು ಎಣಿಸುವುದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಶುಕ್ರವಾರದ ತನಕ ಆರು ರಾತ್ರಿ ಆತ್ರಿ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಒಳಗ ಸೆಕೆ ಅಂತ ಆಕಿ ಹಾಲ್‌ನ್ಯಾಗ ಮಲಗ್ತಿದ್ಲರಿ, ಆ ಗ್ವಾಡಿ ಬಾಜೂಕ.”

ಅವರು ನಮಸ್ಕಾರ ಹೇಳಿ ಹೊರಟರು. ತಿರುಗಿ ಕೈ ಮುಗಿಯಬೇಕೆಂದರೆ ನನಗೆ ಕೈ ಎತ್ತಲಾಗಲಿಲ್ಲ. ಅವರ ಹೆಂಡತಿ ತೊಡಿಸಿದ್ದ ಬಳೆಗಳು ಇನ್ನೂ ಕೈಯಲ್ಲಿದ್ದವು. ಅವು ಸದ್ದು ಮಾಡಬಾರದೆಂದು ಅವರು ಮೆಟ್ಟಿಲಿಳಿದು ಹೋಗುವವರೆಗೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತಿದ್ದೆ.